ಕತ್ತಲಾದ ಮೇಲೆ ಉಣ್ಣದ ನಾಯಿ

ನಮ್ಮ ಊರಿನಲ್ಲಿ ನಾಯಿಗಳು ಯಾರ ಹಂಗೂ ಇಲ್ಲದೆ ತಿರುಗುತ್ತಿದ್ದವು. ನನ್ನದು ಚನ್ನರಾಯಪಟ್ಟಣದ ಕಡೆಯ ಹಳ್ಳಿ. ಬಾಗೂರು ಸಂತೆಗೆ ಅಪ್ಪನ ಗಾಡಿ ಹೊರಟರೆ ಅದರ ಅಚ್ಚಿನ ಕೆಳಗೆ ನೆರಳು ನೋಡಿಕೊಂಡು ನಮ್ಮ ನಾಯಿಯೂ ಹೊರಡುತ್ತಿತ್ತು. ಸಂತೆಯಲ್ಲಿ ತನ್ನ ಕೆಲಸ ಮುಗಿಸಿಕೊಂಡು, ಮನಸ್ಸಿದ್ದರೆ ಗಾಡಿಯ ಜೊತೆ, ಇಲ್ಲದಿದ್ದರೆ ಮಾರನೆಯ ದಿನ ವಾಪಸು ಬರುತ್ತಿತ್ತು. ಹೀಗೆ ಬೆಳೆದ ನಾನು ಮದುವೆಯಾಗಿ ಹಾಸನಕ್ಕೆ ಬಂದ ಮೊದಲ ಸಂಜೆ ಕಂಡದ್ದೇನೆಂದರೆ, ಮಾವನವರು ಕರಿ ಕೋಟು ತೊಟ್ಟು, ರುಮಾಲು ಸುತ್ತಿ, ಒಂದು ಕೈಯಲ್ಲಿ ಬೆತ್ತ, ಇನ್ನೊಂದು ಕೈಯಲ್ಲಿ ಹಗ್ಗ ಹಿಡಿದು, ಹಗ್ಗದ ತುದಿಗೆ ಒಂದು ಕಂದು ನಾಯಿಯನ್ನು ಕಟ್ಟಿಕೊಂಡು ವಾಕಿಂಗ್ ಹೊರಟಿದ್ದರು. ನಾನು ಸೆರಗನ್ನು ಬಾಯಿಗೆ ಒತ್ತಿಕೊಂಡು ಒಳಗೆ ಓಡಿದೆ. ಹೊಸ ಸೊಸೆಗೆ ತವರು ನೆನಪಾಗಿ ಅಳು ಬಂದಿದೆ ಎಂದುಕೊಂಡು ಅತ್ತೆ ಬೆಲ್ಲದ ಪಾನಕ ಮಾಡಿಕೊಟ್ಟರು.

ಯುದ್ಧ ನಡೆಯುತ್ತಿದ್ದ ಕಾಲ. ನಮ್ಮ ಮನೆ ಊರಿನ ಅಂಚಿನಲ್ಲಿ, ದಿಣ್ಣೆಯ ಮೇಲೆ ಆಗಷ್ಟೇ ಎದ್ದ ಹೊಸ ಬಡಾವಣೆಯಲ್ಲಿತ್ತು. ಬೀದಿಗಳೆಲ್ಲ ಒಂದೋ ಏರು, ಇಲ್ಲವೋ ಇಳಿಜಾರು. ಜವಳಿ ಅಂಗಡಿಯನ್ನು ಮಗನಿಗೆ, ಅಂದರೆ ನನ್ನ ಯಜಮಾನರಿಗೆ, ಒಪ್ಪಿಸಿದ್ದ ಮಾವನವರಿಗೆ ಬೇರೆ ಕೆಲಸವಿರಲಿಲ್ಲ. ಆದ್ದರಿಂದ ನಾಯಿ ತಿರುಗಾಡಿಸುವುದನ್ನೇ ಒಂದು ಶಾಸ್ತ್ರ ಮಾಡಿಕೊಂಡಿದ್ದರು. ಏರು ಹತ್ತುವಾಗ ನಾಯಿ ಮುಂದೆ, ಇಳಿಯುವಾಗ ನಾಯಿ ಹಿಂದೆ. ತಿರುವು ಬಂದರೆ ಹಗ್ಗ ಗಿಡ್ಡ ಮಾಡಬೇಕು, ಯಾಕೆಂದರೆ ಸೌದೆ ತುಂಬಿದ ಗಾಡಿಗಳು ಇಳಿಜಾರಿನಲ್ಲಿ ಎತ್ತುಗಳನ್ನೇ ತಳ್ಳಿಕೊಂಡು ಬರುತ್ತಿದ್ದವು. ಬಸ್ಸಿನ ಸದ್ದು ಕೇಳಿದರೆ ನಾಯಿಯನ್ನೆತ್ತಿ ಯಾರದಾದರೂ ಜಗಲಿ ಹತ್ತಬೇಕು. ಪೆಟ್ರೋಲ್ ಸಿಗದೆ ಇದ್ದಿಲ ಹೊಗೆಯಲ್ಲಿ ಓಡುತ್ತಿದ್ದ ಆ ಬಸ್ಸುಗಳು ಏರು ಹತ್ತಲಾರದೆ ಒಮ್ಮೊಮ್ಮೆ ಹಿಂದಕ್ಕೇ ಬಂದುಬಿಡುತ್ತಿದ್ದವು. ಹೀಗಾಗಿ ಬಸ್ಸಿನ ಹಿಂದೆ ನಿಲ್ಲುವುದೂ ನಿಷೇಧ.

ಇನ್ನು ಚಿರತೆ. ದಿಣ್ಣೆಯಾಚೆಯ ಬಂಡೆಗಳಿಂದ ಇಳಿದು ಬಂದು ಬೀದಿನಾಯಿಗಳನ್ನು ಹೊತ್ತುಕೊಂಡು ಹೋಗುತ್ತಿತ್ತು. ಅದಕ್ಕಾಗಿ ಮಾವನವರು ಕುರುಬರ ನಾಯಿಗೆ ಹಾಕುವಂಥ ಮೊಳೆಯ ಕೊರಳಪಟ್ಟಿಯನ್ನು ಕಮ್ಮಾರನಿಂದ ಮಾಡಿಸಿ ತಂದರು. ಅತ್ತೆ ಅದನ್ನು ನೋಡಿದವರೇ ಕೇಳಿದರು:

"ಇದು ಚಿರತೆ ಬಾಯಿಗೆ ಚುಚ್ಚಿದ್ರೆ ಆ ಪಾಪ ಯಾರಿಗೆ?"

ನಾವು ಜೈನರು. ನಮ್ಮ ಮನೆಯಲ್ಲಿ ನೀರನ್ನು ಸೋಸದೆ ಕುಡಿಯುತ್ತಿರಲಿಲ್ಲ, ಈರುಳ್ಳಿ ಬೆಳ್ಳುಳ್ಳಿ ಹೊಸಿಲು ದಾಟುತ್ತಿರಲಿಲ್ಲ, ಹೊತ್ತು ಮುಳುಗಿದ ಮೇಲೆ ಯಾರೂ ಉಣ್ಣುತ್ತಿರಲಿಲ್ಲ. ಅಂಥ ಮನೆಯಲ್ಲಿ ಈ ಪ್ರಶ್ನೆಗೆ ಉತ್ತರ ಹೇಳಲೇಬೇಕು. ಮಾವನವರು ಪಟ್ಟಿಯನ್ನು ಮತ್ತೆ ಕಮ್ಮಾರನ ಹತ್ತಿರ ತೆಗೆದುಕೊಂಡು ಹೋಗಿ ಮೊಳೆಗಳ ತುದಿಯನ್ನೆಲ್ಲ ಮೊಂಡು ಮಾಡಿಸಿಕೊಂಡು ಬಂದರು. ನಾಯಿಯೂ ಉಳಿಯಬೇಕು, ಚಿರತೆಗೂ ನೋಯಬಾರದು. ಕಮ್ಮಾರ ಏನೆಂದುಕೊಂಡನೋ ಗೊತ್ತಿಲ್ಲ.

ನಾಯಿಗೆ ಹೆಸರಿರಲಿಲ್ಲ. ಅರಕಲಗೂಡಿಗೆ ಯಾರದೋ ಮದುವೆಗೆ ಹೋಗಿದ್ದ ಮಾವನವರು ಅದನ್ನು ಅಂಗೈಯಗಲದ ಮರಿಯಾಗಿದ್ದಾಗ ಬಟ್ಟೆಗಂಟಿನಲ್ಲಿಟ್ಟುಕೊಂಡು ಬಸ್ಸಿನಲ್ಲಿ ತಂದಿದ್ದರಂತೆ. ಅಂದಿನಿಂದ ಅತ್ತೆ ಅದನ್ನು ಮರಿ ಎಂದೇ ಕರೆದರು. ಅದು ಕರುವಿನಷ್ಟು ದೊಡ್ಡದಾದ ಮೇಲೂ ಮರಿಯೇ. ಮೊದಮೊದಲು ಅವರು ಅದನ್ನು ಹೊಸಿಲೊಳಗೆ ಬಿಟ್ಟುಕೊಳ್ಳುತ್ತಿರಲಿಲ್ಲವಂತೆ. ಆದರೆ ಒಂದು ಸಂಗತಿ ಗಮನಕ್ಕೆ ಬಂದ ಮೇಲೆ ಅವರ ಧೋರಣೆಯೇ ಬದಲಾಯಿತು. ದೀಪ ಹಚ್ಚಿದ ಮೇಲೆ ಮರಿ ಅನ್ನ ಮುಟ್ಟುತ್ತಿರಲಿಲ್ಲ. ಹಾಲು ಕಲಸಿಟ್ಟರೂ ಮೂಸಿ ನೋಡಿ ಮುಖ ತಿರುಗಿಸಿ ಮಲಗುತ್ತಿತ್ತು.

"ಹಿಂದಿನ ಜನ್ಮದ್ದು ಏನೋ ಇದೆ ಕಣಮ್ಮ ಇದಕ್ಕೆ," ಎಂದು ಅತ್ತೆ ನನಗೆ ಹೇಳಿದ್ದರು. "ನಾವು ಹೇಳಿಕೊಟ್ಟಿಲ್ಲ, ಬೈದಿಲ್ಲ. ತಾನಾಗೇ ವ್ರತ ಹಿಡಿದಿದೆ."

ಸುದ್ದಿ ಬಸದಿಯಲ್ಲಿ ಹಬ್ಬಿತು. ಬಂದ ನೆಂಟರಿಗೆಲ್ಲ ಮರಿಯನ್ನು ತೋರಿಸುವುದು ಒಂದು ಪದ್ಧತಿಯಾಯಿತು. ದೀಪ ಹಚ್ಚಿದ ಮೇಲೆ ಹೆಂಗಸರು ಹಜಾರದಲ್ಲಿ ಸಾಲಾಗಿ ಕೂರುವರು. ಅತ್ತೆ ಬಟ್ಟಲಲ್ಲಿ ಹಾಲನ್ನ ತಂದಿಡುವರು. ಮರಿ ನೋಡುವುದು, ಆಕಳಿಸುವುದು, ಕಾಲು ಚಾಚಿ ಮಲಗುವುದು. ಬಂದವರು ಕೆನ್ನೆ ಮುಟ್ಟಿಕೊಳ್ಳುವರು. ಮನುಷ್ಯರಾಗಿ ಹುಟ್ಟಿಯೂ ರಾತ್ರಿ ಕದ್ದು ಅವಲಕ್ಕಿ ಮೇಯುವವರ ಹೆಸರುಗಳು ಆಗ ಮೆಲ್ಲಗೆ ಹೊರಗೆ ಬರುತ್ತಿದ್ದವು. ನಾನೂ ನಂಬಿದ್ದೆ. ಆದರೆ ನಾಯಿಯ ಮುಂದೆ ಕೈ ಮುಗಿಯುವುದು ಮಾತ್ರ ನನ್ನಿಂದಾಗಲಿಲ್ಲ. ಅದಕ್ಕೆ ಅತ್ತೆಗೆ ನನ್ನ ಮೇಲೆ ಸ್ವಲ್ಪ ಮುನಿಸಿತ್ತು.

ದನದ ಆಸ್ಪತ್ರೆಯಲ್ಲೂ ಮರಿಗೆ ಹೆಸರಿತ್ತು. ಅಲ್ಲಿಗೆ ನಾಯಿ ಕರೆತರುವವರೇ ಅಪರೂಪ. ಕೊರವಂಗಲದ ಕಡೆಯಿಂದ ಬಂದ ಎತ್ತುಗಳು, ಕೆಚ್ಚಲು ಬಾತ ಎಮ್ಮೆಗಳು, ಕುಂಟುವ ಜಟಕಾ ಕುದುರೆಗಳು ಸಾಲಾಗಿ ನಿಂತಿರುವಲ್ಲಿ, ಸಾಲು ತಪ್ಪಿಸದೆ, ಕರಿ ಕೋಟಿನ ಮಾವನವರು ಮರಿಯನ್ನು ಹಿಡಿದು ನಿಲ್ಲುತ್ತಿದ್ದರು. ಡಾಕ್ಟರು ಒಳ್ಳೆಯವರು. ಬೈಸಿಕಲ್ಲಿನಲ್ಲಿ ಹಳ್ಳಿ ಹಳ್ಳಿ ಸುತ್ತುತ್ತಿದ್ದ ಅವರು ವಾರಗಟ್ಟಲೆ ಹಳ್ಳಿಮೈಸೂರಿನ ಕಡೆ ದನಗಳಿಗೆ ಸೂಜಿ ಹಾಕುತ್ತ ಇದ್ದುಬಿಡುತ್ತಿದ್ದರು. ನಾಯಿಗೆಂದು ಬೇರೆ ಸಲಕರಣೆ ಅವರ ಬಳಿ ಇರಲಿಲ್ಲ. ಎತ್ತಿಗೆ ಔಷಧಿ ಕುಡಿಸುವ ಬಿದಿರಿನ ಗೊಟ್ಟದಲ್ಲೇ ಮರಿಗೂ ಹರಳೆಣ್ಣೆ ಕುಡಿಸುತ್ತಿದ್ದರು. ಒಮ್ಮೆ ಮರಿ ಬಡವಾದಂತೆ ಕಂಡಾಗ, "ಒಂದೊಂದು ಮೊಟ್ಟೆ..." ಎಂದು ಬಾಯಿ ತೆರೆದವರು ಮಾವನವರ ಮುಖ ನೋಡಿ, "ತುಪ್ಪ ಹಾಕಿ" ಎಂದು ಮಾತು ತಿರುಗಿಸಿದ್ದರಂತೆ.

ಅತ್ತೆಗೆ ಒಬ್ಬರು ಅಕ್ಕ ಇದ್ದರು, ಶ್ರವಣಬೆಳಗೊಳದಲ್ಲಿ. ನಾವೆಲ್ಲ ಅವರನ್ನು ದೊಡ್ಡಮ್ಮ ಎನ್ನುತ್ತಿದ್ದೆವು. ನಮ್ಮ ಮನೆತನದಲ್ಲಿ ಅವರ ಮಾತೇ ಕೊನೆ. ಅವರು ಒಂದು ಹುಬ್ಬು ಏರಿಸಿದರೆ ಸಾಕು, ಸಂಬಂಧಗಳು ಮುರಿದು ಬೀಳುತ್ತಿದ್ದವು. ಇಡೀ ಬಾಳು ಅಕ್ಕನಿಂದ ಸೈ ಅನ್ನಿಸಿಕೊಳ್ಳಲು ಹೆಣಗಿದ್ದ ಅತ್ತೆ, ಮರಿಯ ವ್ರತವನ್ನು ಕಣ್ಣಾರೆ ನೋಡಲು ಬರಬೇಕೆಂದು ಹೇಳಿ ಕಳಿಸುತ್ತಲೇ ಇದ್ದರು. ಕೊನೆಗೂ ದೊಡ್ಡಮ್ಮ ಜೊತೆಯಲ್ಲಿ ಇನ್ನಿಬ್ಬರು ಹೆಂಗಸರನ್ನು ಕರೆದುಕೊಂಡು ಬಂದಿಳಿದರು. ಬಂದ ಸಂಜೆ ಮರಿ ಎಂದಿನಂತೆ ವಾಕಿಂಗ್ ಹೋಯಿತು, ಬಂತು, ಹಾಲನ್ನಕ್ಕೆ ಬೆನ್ನು ಹಾಕಿ ಮಲಗಿತು. ಆದರೆ ಅಂದು ಅದರ ಮುಂಗಾಲು ಸುಮ್ಮನಿರಲಿಲ್ಲ. ಬಾಯಿಯನ್ನು ಒರೆಸಿಕೊಳ್ಳುತ್ತಲೇ ಇತ್ತು. ದೊಡ್ಡಮ್ಮ ಬಹಳ ಹೊತ್ತು ನೋಡಿ, ಕೈ ಮುಗಿದು, "ಪುಣ್ಯಜೀವಿ" ಎಂದರು. ಅತ್ತೆಯ ಕಣ್ಣು ತುಂಬಿತು. ಅಷ್ಟು ಸಂತೋಷಪಟ್ಟದ್ದನ್ನು ಮಗನ ಮದುವೆಯಲ್ಲೂ ನಾನು ನೋಡಿರಲಿಲ್ಲ, ಮತ್ತು ಆ ಮದುವೆಯಲ್ಲಿ ನಾನು ಹತ್ತಿರದಲ್ಲೇ ಕೂತಿದ್ದೆ.

ಬೆಳಗ್ಗೆ ಎದ್ದು ನೋಡಿದರೆ ಮರಿಯ ಬಾಯಿ ತೆರೆದೇ ಇತ್ತು. ಮುಚ್ಚಲಾಗುತ್ತಿರಲಿಲ್ಲ. ಜೊಲ್ಲು ಧಾರಾಕಾರ ಸುರಿಯುತ್ತಿತ್ತು. ನೀರಿಟ್ಟರೆ ಹತ್ತಿರ ಬಂದು, ಮೂತಿಯಿಟ್ಟು, ಗೊರಗೊರ ಸದ್ದು ಮಾಡಿ ಹಿಂದಕ್ಕೆ ಸರಿಯಿತು. ಗಂಟಲಿನಿಂದ ಬರುತ್ತಿದ್ದ ದನಿ ಅದರದೇ ಅನ್ನಿಸಲಿಲ್ಲ. ಹಾಲಿನವಳು ಗೇಟಿನಲ್ಲೇ ನಿಂತು, "ಉಚ್ಚು ಇಡ್ದದೆ ಕಣ್ರವ್ವ, ಅತ್ರ ಓಗ್ಬ್ಯಾಡಿ," ಎಂದು ಚೆಂಬನ್ನು ಅಲ್ಲೇ ಇಟ್ಟು ಓಡಿದಳು. ಹೊತ್ತೇರುವಷ್ಟರಲ್ಲಿ ಬಡಾವಣೆಯ ಅರ್ಧ ಜನ ನಮ್ಮ ಕಾಂಪೌಂಡಿನ ಹೊರಗೆ ಸೇರಿದ್ದರು. ಮುನಿಸಿಪಾಲಿಟಿಯ ಕೋವಿಯವನೂ ಬಂದ. ಹುಚ್ಚುನಾಯಿಗಳನ್ನು ಹೊಡೆಯುವುದು ಅವನ ಕೆಲಸ. ಪಾಪ, ಸೌಮ್ಯ ಮನುಷ್ಯ. ಕೋವಿಯನ್ನು ಗೋಡೆಗೆ ಒರಗಿಸಿಟ್ಟು, "ಡಾಕ್ಟ್ರು ಬಂದು ಯೋಳ್ಲಿ ಸಾ, ಅಲ್ಲೀಗಂಟ ಕುಂತಿರ್ತೀನಿ," ಎಂದು ಬೀಡಿ ಹಚ್ಚಿದ.

ಡಾಕ್ಟರು ಬೈಸಿಕಲ್ ನಿಲ್ಲಿಸಿ ಒಳಗೆ ಬಂದರು. ಮಾವನವರು ಮರಿಯನ್ನು ಹಿತ್ತಿಲಿನ ಸಂಪಿಗೆ ಮರಕ್ಕೆ ಕಟ್ಟಿದ್ದರು. ದೂರದಿಂದಲೇ ನೋಡಿ ಡಾಕ್ಟರು ಮೊದಲು ಕೇಳಿದ್ದು ಒಂದೇ ಪ್ರಶ್ನೆ:

"ಮೂಳೆ ಗೀಳೆ ಏನಾದರೂ ತಿಂದಿತ್ತಾ?"

ಹಿತ್ತಿಲ ಬಾಗಿಲಲ್ಲಿ ನಿಂತಿದ್ದ ಅತ್ತೆ ಬೆಂಕಿಯಾದರು. "ನಮ್ಮನೇಲಿ ಬೆಳ್ಳುಳ್ಳೀನೇ ಇಲ್ಲ, ಮೂಳೆ ಎಲ್ಲಿಂದ ಬರ್ತದೆ ಸ್ವಾಮಿ? ಊರಿಗೆಲ್ಲ ಗೊತ್ತು ಇದರ ವ್ರತ. ನಿಮಗೊಬ್ಬರಿಗೆ ಗೊತ್ತಿಲ್ವಾ?" ಅವರ ಬೆನ್ನ ಹಿಂದೆ ದೊಡ್ಡಮ್ಮ ಹೌದೆಂಬಂತೆ ತಲೆಯಾಡಿಸಿದರು.

ಡಾಕ್ಟರು ಕ್ಷಮೆ ಕೇಳಿದರು. ಆಮೇಲೆ ಕನ್ನಡಕ ತೆಗೆದು ಒರೆಸಿಕೊಳ್ಳುತ್ತ ನಿಂತರು. ಅವರು ಹೇಳಿದ್ದು ನನಗೆ ಇಂದಿಗೂ ಕಿವಿಯಲ್ಲಿದೆ.

"ತಾಯಿ, ಬಾಯಿ ಮುಚ್ಚದೆ ಹೀಗೆ ಜೊಲ್ಲು ಸುರಿಸುವುದಕ್ಕೆ ಎರಡೇ ಕಾರಣ. ಒಂದು, ಮೂಳೆ ಸಿಕ್ಕಿಕೊಂಡಿರಬೇಕು. ಇಲ್ಲವಾದರೆ ಹುಚ್ಚು. ಮೂಳೆಯಾಗಿದ್ದರೆ ಈಗಲೇ ಕೈ ಹಾಕಿ ತೆಗೆದುಬಿಡುತ್ತಿದ್ದೆ. ಮೂಳೆಯ ಸೋಂಕೇ ಇಲ್ಲದ ಮನೆ ಅಂದಮೇಲೆ, ಈ ಬಾಯಿಗೆ ನಾನು ಕೈ ಹಾಕೋ ಹಾಗಿಲ್ಲ. ಮನೆಯಲ್ಲಿ ಇಷ್ಟು ಜನ ಇದ್ದೀರಿ. ಇದನ್ನು ಹೀಗೇ ಬಿಡುವುದೂ ಸರಿಯಲ್ಲ."

ಕೋವಿಯವನು ಬೀಡಿ ಆರಿಸಿ ಎದ್ದು ನಿಂತ.

ಮರಿ ಅತ್ತೆಯ ದನಿ ಕೇಳಿ ಬಾಲ ಆಡಿಸುತ್ತಿತ್ತು. ಜೊಲ್ಲು ಸುರಿಯುತ್ತಿದ್ದ ಆ ಬಾಯಿಟ್ಟುಕೊಂಡೇ ಬಾಲ ಆಡಿಸುತ್ತಿತ್ತು. ಅತ್ತೆ ಅಳಲಿಲ್ಲ, ಕೂಗಲಿಲ್ಲ. ತಿರುಗಿ ಮಾವನವರ ಮುಖ ನೋಡಿದರು. ನಾನೂ ನೋಡಿದೆ. ಮಾವನವರು ನೆಲ ನೋಡುತ್ತ ಹಗ್ಗದ ತುದಿಯನ್ನು ಬೆರಳಿಗೆ ಸುತ್ತುತ್ತ, ಬಿಚ್ಚುತ್ತ, ಮತ್ತೆ ಸುತ್ತುತ್ತ ನಿಂತಿದ್ದರು. ಒಮ್ಮೆ ಬಾಯಿ ತೆರೆದು ದೊಡ್ಡಮ್ಮನ ಕಡೆ ನೋಡಿ ಮತ್ತೆ ಮುಚ್ಚಿಕೊಂಡರು. ಕಿವಿಗಳು ಕೆಂಪಾಗಿದ್ದವು. ನನಗೆ ಅದರಲ್ಲಿ ಒಬ್ಬ ದುಃಖಿತ ಮುದುಕ ಮಾತ್ರ ಕಂಡ. ಆ ಮುಖವನ್ನು ಒಂದು ಆಯುಷ್ಯ ನೋಡಿದ್ದ ಅತ್ತೆಗೆ ಬೇರೇನೋ ಕಂಡಿತು.

ಅವರು ಡಾಕ್ಟರ ಕಡೆ ತಿರುಗಿದರು. "ಮೂಳೆ ತಿಂದಿದ್ರೆ ಕೈ ಹಾಕ್ತಿದ್ರಾ?"

"ಹಾಕುತ್ತಿದ್ದೆ, ತಾಯಿ."

"ಹಂಗಾದ್ರೆ ಹಾಕಿ. ತಿಂದಿದೆ. ನಾನೇ ಹಾಕಿದ್ದೆ."

ದೊಡ್ಡಮ್ಮನ ಹುಬ್ಬು ಮೇಲೆ ಹೋದದ್ದನ್ನು ನಾನು ಕಂಡೆ. "ಏನಂದೆ?" ಎಂದರು ಅವರು.

"ನಾನೇ ಹಾಕಿದ್ದೆ ಅಂದೆ ಕಣಕ್ಕ," ಎಂದು ಅತ್ತೆ ಹಿಂದೆ ತಿರುಗದೆಯೇ ಹೇಳಿದರು. "ನೀವು ಹಾಕಿ ಸ್ವಾಮಿ, ಕೈನಾ."

ಡಾಕ್ಟರು ಒಂದು ಗಳಿಗೆ ಅವರನ್ನೇ ನೋಡಿದರು. ನಂಬಿದರೋ ಇಲ್ಲವೋ ನಾನರಿಯೆ. ಆದರೆ ಇಂಥ ಹೆಂಗಸು ಇಂಥ ಮಾತು ಸುಮ್ಮನೆ ಆಡುವುದಿಲ್ಲವೆಂದು ಅವರಿಗೂ ಅನ್ನಿಸಿರಬೇಕು. ಚೀಲದಿಂದ ಗೊಟ್ಟ ತೆಗೆದು, ಅದನ್ನು ಮರಿಯ ದವಡೆಗಳ ನಡುವೆ ಅಡ್ಡಲಾಗಿ ಸಿಕ್ಕಿಸಿ, ಎತ್ತಿನ ಮೂಗು ಹಿಡಿಯುವಂತೆ ಮೂತಿಗೆ ಹಗ್ಗ ಬಿಗಿದರು. ಮಾವನವರು ಮೊಂಡು ಮೊಳೆಯ ಪಟ್ಟಿಯನ್ನು ಎರಡೂ ಕೈಯಲ್ಲಿ ಹಿಡಿದು ಮಂಡಿಯೂರಿದರು. ಡಾಕ್ಟರು ಬಗ್ಗಿ ಒಳಗೆ ನೋಡಿದರು. ಆಮೇಲೆ ಒಂದು ಇಕ್ಕಳ ಒಳಗೆ ಹೋಯಿತು. ಕಟಕ್ ಎಂದು ಸದ್ದಾಯಿತು.

ಹೆಬ್ಬೆರಳಗಲದ ಪಕ್ಕೆಲುಬಿನ ತುಂಡು. ಮೇಲಿನ ಅಂಗುಳಿಗೆ ಅಡ್ಡವಾಗಿ, ಆ ಕಡೆ ಹಲ್ಲಿಗೂ ಈ ಕಡೆ ಹಲ್ಲಿಗೂ ನಡುವೆ ಸಿಕ್ಕಿಕೊಂಡಿತ್ತು. ಗೊಟ್ಟ ತೆಗೆದ ಕೂಡಲೇ ಮರಿ ಬಾಯಿ ಮುಚ್ಚಿತು, ತೆರೆಯಿತು, ಮತ್ತೆ ಮುಚ್ಚಿತು. ಆಮೇಲೆ ಹೋಗಿ ಬಕೀಟಿನ ನೀರನ್ನು, ಸೋಸದ ನೀರನ್ನು, ಲೊಚಲೊಚ ಕುಡಿಯಿತು. ಕೋವಿಯವನು ನಕ್ಕುಬಿಟ್ಟ. "ನಂದೇನೂ ಕೆಲ್ಸ ಇಲ್ಲ ಬುಡಿ ಸಾ," ಎಂದು ಕೋವಿ ಹೆಗಲಿಗೇರಿಸಿ ಹೊರಟ.

ದೊಡ್ಡಮ್ಮನೂ ಹೊರಟರು. ಅಡಿಗೆ ಆಗಿತ್ತು, ಎಲೆ ಹಾಕುವುದೊಂದೇ ಬಾಕಿ. "ಮೂಳೆ ಮುಟ್ಟಿದ ಕೈಯಲ್ಲಿ ಬಡಿಸಿದ್ದನ್ನ ನಾನು ಉಣ್ಣೋದಿಲ್ಲ," ಎಂದರು. ನನಗೆ ರೇಗಿತು. ನಿನ್ನೆ ಆ ನಾಯಿಗೆ ಕೈ ಮುಗಿದಿದ್ದಿರಲ್ಲ, ಅದು ಮೂಳೆ ತಿಂದ ಬಾಯಲ್ಲವೇ ಎಂದು ಕೇಳಬೇಕೆನ್ನಿಸಿತು. ಅತ್ತೆ ನನ್ನ ಕೈ ಹಿಸುಕಿದರು. ಬಾಗಿಲವರೆಗೂ ಹೋಗಿ ಅಕ್ಕನ ಕಾಲಿಗೆ ಬಿದ್ದು, ಎದ್ದು ಬಂದರು.

ಎಲ್ಲರೂ ಹೋದ ಮೇಲೆ ಮಾವನವರು ಅಡಿಗೆಮನೆಯ ಬಾಗಿಲಲ್ಲಿ ನಿಂತು ಎಲ್ಲವನ್ನೂ ಹೇಳಿದರು. ವಾಕಿಂಗಿನ ಏರು ಮುಗಿಯುವಲ್ಲಿ ಹೊಂಗೆಮರದ ಕೆಳಗೆ ಪೆನ್ಷನ್ ಸ್ನೇಹಿತರ ಕಟ್ಟೆಯಿತ್ತು. ಯುದ್ಧದ ಸುದ್ದಿ ಮಾತಾಡುತ್ತ ಕೂರುವಾಗ ಮರಿ ಬಸ್ಸಿಗೆ ಸಿಕ್ಕೀತೆಂದು ರಸ್ತೆಯಿಂದ ದೂರ, ಒಂದು ಹಿತ್ತಿಲ ಗೋಡೆಯ ಬಳಿ ಕಲ್ಲುಕಂಬಕ್ಕೆ ಕಟ್ಟುತ್ತಿದ್ದರು. ಇಡೀ ಬಡಾವಣೆಯಲ್ಲಿ ಅಷ್ಟು ಸುರಕ್ಷಿತವಾದ ಜಾಗ ಇನ್ನೊಂದಿರಲಿಲ್ಲ. ಆ ಹಿತ್ತಿಲು ಮಿಲಿಟರಿ ಹೋಟೆಲಿನದು. ಬಾಡೂಟದ ಎಲೆಗಳೆಲ್ಲ ಬಂದು ಬೀಳುತ್ತಿದ್ದದ್ದೇ ಅಲ್ಲಿ. ಮರಿ ಸಂಜೆ ಸಂಜೆ ಅಲ್ಲಿ ಹೊಟ್ಟೆ ಬಿರಿಯ ತಿಂದು ಬಂದು, ಹಾಲನ್ನ ಕಂಡರೆ ಆಕಳಿಸುತ್ತಿತ್ತು. ಮಾವನವರಿಗೆ ಇದು ತಿಳಿಯುವಷ್ಟರಲ್ಲಿ ವ್ರತದ ಸುದ್ದಿ ಬೆಳಗೊಳ ಮುಟ್ಟಿಯಾಗಿತ್ತು.

"ನಿನ್ನ ಸಂತೋಷ ನೋಡಿ ಹೇಳೋಕೆ ಬಾಯಿ ಬರಲಿಲ್ಲ ಕಣೇ," ಎಂದರು ಮಾವನವರು. "ನಾಳೆನೇ ಹೋಗಿ ನಿಮ್ಮಕ್ಕನಿಗೆ ಇದ್ದದ್ದು ಇದ್ದ ಹಾಗೆ ಹೇಳಿಬರ್ತೀನಿ."

"ಏನೂ ಬೇಡ," ಎಂದರು ಅತ್ತೆ. "ಆಗ ನಾನು ಸುಳ್ಳು ಹೇಳಿದೆ ಅಂತ ಆಗಲ್ವಾ? ಅದು ಮೂಳೆಗಿಂತ ದೊಡ್ಡದು."

ಮಾರನೆಯ ದಿನ ಅತ್ತೆ ಉಪವಾಸ ಮಾಡಿ ಬಸದಿಯಲ್ಲಿ ಕೂತರು. ಮೂಳೆಗೆ ಪ್ರಾಯಶ್ಚಿತ್ತವೆಂದು ಊರೆಲ್ಲ ತಿಳಿಯಿತು. ಸುಳ್ಳಿಗೆಂದು ಗೊತ್ತಿದ್ದವರು ನಾವು ಮನೆಯವರು ಮಾತ್ರ. ಮಾವನವರೂ ಬಾಯಿ ಬಿಡದೆ ಉಪವಾಸ ಕೂತರು. ಮರಿಗೆ ಮಾತ್ರ ನಾನು ಮೃದುವಾಗಿ ಗಂಜಿ ಬೇಯಿಸಿ ಹಾಕಿದೆ. ಹಾಗೆ ಹಾಕುತ್ತಾ ಅದರ ತಲೆ ಸವರಿದ್ದೂ ನಿಜ, ಯಾರೂ ನೋಡಲಿಲ್ಲ.

ಮರಿಯ ಅಂಗುಳು ಮಾಗಿದ ಮೇಲೆ ಒಂದು ಸಂಜೆ ಮಾವನವರು ಕೋಟು ತೊಟ್ಟು ಹಗ್ಗ ಹಿಡಿದರೆ, ಅತ್ತೆಯೂ ಸೀರೆ ಬದಲಿಸಿ ಬಂದು ಜಗಲಿಯಲ್ಲಿ ನಿಂತಿದ್ದರು. ನಮ್ಮ ಕಡೆಯ ಹೆಂಗಸರು ವಾಕಿಂಗ್ ಹೋದದ್ದೇ ಇಲ್ಲ ಆಗ. ನನ್ನನ್ನೂ ಜೊತೆಗೆ ಎಳೆದರು. ಏರಿನಲ್ಲಿ ನಾಯಿ ಮುಂದೆ, ಮಾವನವರು ಅದರ ಹಿಂದೆ, ಅವರ ಹಿಂದೆ ಏದುಸಿರು ಬಿಡುತ್ತ ನಾವಿಬ್ಬರು. ಮಾವನವರು ಹೊಂಗೆಮರ ದಾಟಿ ಬೇರೆ ದಾರಿ ಹಿಡಿಯಲು ನೋಡಿದರು. ಮರಿ ನಾಲ್ಕೂ ಕಾಲು ನೆಲಕ್ಕೆ ಊರಿ ಆ ಗೋಡೆಯ ಕಡೆಗೇ ಜಗ್ಗಿತು. ಗೋಡೆಯ ಮೇಲಿನಿಂದ ಹೋಟೆಲಿನವನ ತಲೆ ಕಾಣಿಸಿತು.

"ಎಲ್ಲೋಗ್ಬುಟ್ಟಿತ್ತು ಸಾ ನಮ್ಮ ಗಿರಾಕಿ?" ಎಂದ. ಅತ್ತೆಯನ್ನು ಕಂಡು ತಟಕ್ಕನೆ ಬಾಯಿ ಮುಚ್ಚಿದ.

ಅತ್ತೆ ಮಾವನವರ ಕೈಯಿಂದ ಹಗ್ಗ ತೆಗೆದುಕೊಂಡರು. ಎಳೆದುಕೊಂಡು ಮನೆಗೆ ಹೋಗುತ್ತಾರೆಂದು ನಾನು ಸೆರಗು ಸಿಕ್ಕಿಸಿ ಸಿದ್ಧಳಾದೆ. ಅವರು ಮರಿಯನ್ನು ನೋಡಿದರು. ಮರಿ ಅವರನ್ನು ನೋಡಿ ಬಾಲ ಆಡಿಸಿತು.

"ನಮ್ಮ ವ್ರತ ನಮಗೆ. ಅದನ್ನ ಇದರ ತಲೆ ಮೇಲೆ ಹೊರಿಸಿ ಸಾಯಿಸ್ತಿದ್ದೆನಲ್ಲ," ಎಂದರು, ಯಾರಿಗೆಂದಿಲ್ಲದೆ. ಆಮೇಲೆ ಗೋಡೆಯ ಕಡೆ ಮುಖ ಮಾಡದೆ, ದನಿ ಮಾತ್ರ ಎತ್ತರಿಸಿ ಹೇಳಿದರು: "ನೋಡಪ್ಪ, ಚಿಕ್ಕ ಚಿಕ್ಕ ತುಂಡು ಹಾಕಬೇಡ. ಬಾಯಿಗೆ ಸಿಕ್ಕೊಳ್ತದೆ. ಡಾಕ್ಟರು ಹೇಳವ್ರೆ."

"ಆಗ್ಲಿ ಕಣ್ರವ್ವ," ಎಂದ ಅವನು.

ಅತ್ತೆ ಮರಿಯನ್ನು ಕಲ್ಲುಕಂಬಕ್ಕೆ ತಾವೇ ಕಟ್ಟಿ, ಗಂಟು ಎಳೆದು ನೋಡಿ, ನಾಲ್ಕು ಹೆಜ್ಜೆ ಈಚೆ ಬಂದು ಒಂದು ಬಂಡೆಯ ಮೇಲೆ ಗೋಡೆಗೆ ಬೆನ್ನು ಹಾಕಿ ಕೂತರು. ಎದುರಿಗೆ ಇಳಿಜಾರು, ಅದರಾಚೆ ಊರು, ಊರಾಚೆ ಹೊತ್ತು ಮುಳುಗುತ್ತಿತ್ತು. ಹಿಂದಿನಿಂದ ಮೂಳೆ ಕಡಿಯುವ ಸದ್ದು ಬಂದಾಗ ಕಣ್ಣು ಮುಚ್ಚಿ ತುಟಿಯಲ್ಲೇ ಮಂತ್ರ ಹೇಳಿಕೊಂಡರು. ಸದ್ದು ನಿಂತ ಮೇಲೆ, ತಿರುಗದೆಯೇ ನನ್ನನ್ನು ಕೇಳಿದರು:

"ಬಾಯಿ ಮುಚ್ಚಿದ್ಯಾ ನೋಡಮ್ಮ."

ಮುಚ್ಚಿದೆ ಅತ್ತೆ ಎಂದೆ. ಎದ್ದು ಸೀರೆ ಕೊಡವಿಕೊಂಡು, ಮರಿಯ ಹಗ್ಗ ಬಿಚ್ಚಿ, ಇಳಿಜಾರಿನಲ್ಲಿ ನಾಯಿ ಹಿಂದೆ ಬರಬೇಕೆಂದು ಮಾವನವರಿಗೇ ಹೇಳಿಕೊಡುತ್ತ, ಅವರು ಮನೆಯ ಕಡೆ ಇಳಿದರು.